ಎಲೆಬಳ್ಳಿಯ ನೆರಳಿನ ಯಂತ್ರ

ಸೂರ್ಯನ ಜೊತೆ ಜಗಳಕ್ಕೆ ನಿಂತವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ, ಅವರ ಮನೆಯಲ್ಲಿ ಮೂರು ವರ್ಷ ಉಂಡೂ ಇದ್ದೇನೆ! ಅವನು ನನ್ನ ಕಾಕಾ, ಅಪ್ಪನ ಖಾಸಾ ತಮ್ಮ. ಎಪ್ಪತ್ತರ ದಶಕದಲ್ಲಿ ನಾನು ತಿಕೋಟಾದಿಂದ ಕಾಲೇಜು ಓದಲು ವಿಜಾಪುರಕ್ಕೆ ಬಂದಾಗ ಅವನು ಸೊಲ್ಲಾಪುರ ರಸ್ತೆಯಲ್ಲಿ ಪಂಪು ರಿಪೇರಿ ಅಂಗಡಿ ಇಟ್ಟಿದ್ದ. ಕೆಟ್ಟ ಪಂಪುಗಳೆಲ್ಲ ಅಂಗಡಿಯಲ್ಲಿ ಕಾಯುತ್ತ ಕೂತಿರುತ್ತಿದ್ದವು. ಕಾಕಾ ಮನೆಯ ಅಂಗಳದಲ್ಲಿ ಸೂರ್ಯನನ್ನು ರಿಪೇರಿ ಮಾಡುತ್ತಿದ್ದ!

ಎಲ್ಲವೂ ಒಂದು ಎಲೆಬಳ್ಳಿಗಾಗಿ. ಕಾಕಾನ ಹೆಂಡತಿ, ನಮ್ಮ ಚಿಗವ್ವ, ಬಬಲೇಶ್ವರದವಳು. ಅವಳಪ್ಪನಿಗೆ ವೀಳ್ಯದೆಲೆಯ ತೋಟವಿತ್ತು. ಅಪ್ಪ ತೀರಿಕೊಂಡ ಮೇಲೆ ಅಣ್ಣಂದಿರು ತೋಟ ಕಿತ್ತು ಜೋಳ ಬಿತ್ತಿದರು. ಕೀಳುವ ಮುಂಚೆ ಚಿಗವ್ವ ಒಂದೇ ಒಂದು ಬಳ್ಳಿಯನ್ನು ಹಸಿ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದು ಅಂಗಳದಲ್ಲಿ ನೆಟ್ಟಿದ್ದಳು. ಎಲೆಬಳ್ಳಿಗೆ ಬೇಕಾದದ್ದು ತಂಪು, ನಮ್ಮಲ್ಲಿ ಧಾರಾಳವಾಗಿದ್ದದ್ದು ಬಿಸಿಲು. ಬೇಸಿಗೆ ಬರುತ್ತಲೇ ಎಲೆಗಳ ಅಂಚು ಸುಡತೊಡಗಿತು. ಚಿಗವ್ವ ಸುಟ್ಟ ಎಲೆಗಳನ್ನು ಚಿವುಟಿ ಸೆರಗಿನಲ್ಲಿ ಕಟ್ಟಿಕೊಂಡಳು. ಕಾಕಾನಿಗೆ ಅಷ್ಟು ಸಾಕಾಯಿತು.

"ಮಶೀನ ಮಾಡತೇನಿ!" ಎಂದ.

"ಒಂದ ಗೋಣಿತಟ್ಟು ಕಟ್ಟಿಬಿಡ್ರಿ, ಮುಗೀತು" ಎಂದಳು ಚಿಗವ್ವ.

"ಮುಂಜಾನಿ ಬಿಸಲು ಅದಕ ಬೇಕು, ಹನ್ನೊಂದರ ಬಿಸಲು ಬ್ಯಾಡ. ಹನ್ನೊಂದಾತು ಅಂತ ಗೋಣಿತಟ್ಟಿಗೆ ಹ್ಯಾಂಗ ತಿಳೀತೈತಿ?"

ತಿಳಿಸಲು ಬಂದದ್ದು ಮನೆಯ ಅಲಾರಾಂ ಗಡಿಯಾರ! ಕಾಕಾ ಬಳ್ಳಿಯ ಮೇಲೆ ಬರೀ ಗಳುಗಳ ಚಪ್ಪರ ಹಾಕಿ, ಅದರ ಅಂಚಿಗೆ ಗೋಣಿತಟ್ಟನ್ನು ಸುತ್ತಿ ಕಟ್ಟಿದ. ಅಲಾರಾಂ ಹೊಡೆದಾಗ ಹಿಂದಿನ ಕೀಲಿ ತಿರುಗಿ, ದಾರ ಎಳೆದು, ಗೂಟ ಕಳಚಿ, ತಟ್ಟು ತಾನಾಗಿ ಬಿಚ್ಚಿಕೊಳ್ಳಬೇಕು. ಬಿಚ್ಚಿಕೊಂಡಿತು ಕೂಡ! ಆದರೆ ಅಂದು ಕನಮಡಿಯಿಂದ ಬಂದ ಹಿರಿಯರೊಬ್ಬರು ಬಳ್ಳಿಯ ಪಕ್ಕದ ಕಲ್ಲಿನ ಮೇಲೆ ಚಹಾ ಕುಡಿಯುತ್ತ ಕೂತಿದ್ದರು. ಗಂಟೆ ಬಾರಿಸಿತು, ತಟ್ಟು ಧೊಪ್ಪನೆ ಬಿತ್ತು, ಹಿರಿಯರು ಕಾಣೆಯಾದರು. ನಾವು ಓಡಿಬಂದೆವು. ತಟ್ಟಿನ ಒಳಗಿನಿಂದ ಶಾಂತವಾದ ಧ್ವನಿ ಬಂತು:

"ನೆಳ್ಳು ಚೊಲೊ ಐತಿ ತಮ್ಮಾ. ಆದ್ರ ಮುಂದಿನ ಸಲ ಹೇಳಿ ಹಾಕು."

ಬಿಸಿಲಿನ ಕಾವಿಗೋ ಕಾಕಾನ ಕಾಟಕ್ಕೋ ಗಡಿಯಾರ ಎಂಟೇ ದಿನದಲ್ಲಿ ಕೆಟ್ಟಿತು. ಕಾಕಾ ಸೋಲುವವನೇ? ತಳದಲ್ಲಿ ಸಣ್ಣ ತೂತು ಕೊರೆದ ಮಣ್ಣಿನ ಗಡಿಗೆಯನ್ನು ಚಪ್ಪರದ ಮೇಲಿಂದ ಹಾಯಿಸಿದ ಹಗ್ಗದ ಒಂದು ತುದಿಗೆ, ತಟ್ಟನ್ನು ಇನ್ನೊಂದು ತುದಿಗೆ ತೂಗುಹಾಕಿದ. ಬೆಳಿಗ್ಗೆ ತುಂಬಿದರೆ ಹನಿಹನಿಯಾಗಿ ಸೋರಿ ಹನ್ನೊಂದಕ್ಕೆ ಬರಿದಾಗುತ್ತಿತ್ತು. ಬರಿದಾದ ಗಡಿಗೆ ಮೇಲೇರಿದರೆ ತಟ್ಟು ಕೆಳಗಿಳಿಯುತ್ತಿತ್ತು. ಎಂಥ ತಲೆ ನೋಡಿ!

ಆದರೆ ನಮ್ಮ ಅಂಗಳ ಓಣಿಗೆ ಹೊಂದಿಕೊಂಡಿತ್ತು. ಬೇಸಿಗೆಯಲ್ಲಿ, ಚಪ್ಪರದ ಕೆಳಗೆ, ನೀರಿನ ಗಡಿಗೆ ಕಂಡರೆ ನಮ್ಮ ಕಡೆಯ ಮಂದಿ ಏನೆಂದುಕೊಳ್ಳುತ್ತಾರೆ? ಅರವಟ್ಟಿಗೆ! ಯಾರೋ ಪುಣ್ಯವಂತರು ದಾರಿಹೋಕರಿಗೆ ನೀರಿಟ್ಟಿದ್ದಾರೆ! ಮೊದಲ ದಿನವೇ ಒಬ್ಬ ಕುರಿಗಾರ ಒಳಬಂದು ತಂಬಿಗೆ ಅದ್ದಿ ಅದ್ದಿ ಕುಡಿದ. ಬೆಳಗಿನ ಎಂಟಕ್ಕೇ ತಟ್ಟು ಬಿತ್ತು.

"ಏ, ಅದು ನೀರಿನ ಗಡಿಗಿ ಅಲ್ಲೋ, ಗಡಿಯಾರ!" ಎಂದು ಕಾಕಾ ಓಡಿಬಂದ.

ಕುರಿಗಾರ ಮೀಸೆ ಒರೆಸಿಕೊಂಡು, "ಗಡಿಯಾರ ಭಾಳ ತಂಪೈತ್ರಿ, ನಿಮ್ಮ ಹೊಟ್ಟಿ ತಣ್ಣಗಿರ್ಲಿ" ಎಂದು ಹರಸಿ ಹೋದ!

ಬಾಯಾರಿ ಬಂದವರಿಗೆ ಇಲ್ಲವೆನ್ನಲು ಚಿಗವ್ವನಿಗೂ ಬಾಯಿ ಬರಲಿಲ್ಲ. ಗಡಿಗೆ ತಗ್ಗಿದಂತೆಲ್ಲ ತುಂಬಿದಳು. ಈಗ ಸಂಜೆ ನಾಲ್ಕಾದರೂ ಹನ್ನೊಂದು ಹೊಡೆಯದು! ಕಾಕಾ ಒಂದೆರಡು ದಿನ ಓಣಿಯಲ್ಲಿ ನಿಂತು, "ಹನ್ನೊಂದರ ಮ್ಯಾಲ ಬರ್ರಿ, ಎಷ್ಟ ಬೇಕೋ ಅಷ್ಟ ಕುಡೀರಿ" ಎಂದು ಬೇಡಿಕೊಂಡ. ಹೊತ್ತು ನೋಡಿ ಯಾರಿಗೆ ನೀರಡಿಕೆಯಾಗುತ್ತದೆ? ಕೊನೆಗೆ ತಾನೇ ತೂತು ಮುಚ್ಚಿ, ಗಡಿಗೆಯನ್ನು ಓಣಿಯ ಕಟ್ಟೆಗೆ ಸಾಗಿಸಿ, "ಮಶೀನ ಸುಧಾರಣಿ ಮಾಡಾಕತ್ತೇನಿ" ಎಂದು ನಮಗೆ ಸಾರಿದ. ಆಮೇಲೆ ಮಧ್ಯಾಹ್ನ ಅಂಗಡಿಯಲ್ಲಿ ಅವನು ಯಾರಿಗೂ ಸಿಗುತ್ತಿರಲಿಲ್ಲ.

ಒಂದು ದಿನ ಕಾಲೇಜು ಬೇಗ ಬಿಟ್ಟಿತು. ಉರಿಬಿಸಿಲಿನಲ್ಲಿ ಮನೆಗೆ ಬಂದರೆ ನಾನು ಹೋದ ಮೇಲೆ ಬೀಸಿದ ಗಾಳಿಗೆ ಚಪ್ಪರ ಮುರಿದು ಬಿದ್ದಿದೆ. ಬಳ್ಳಿಯ ಮುಂದೆ ಕಾಕಾ ಎರಡೂ ಕೈ ಮೇಲೆತ್ತಿ, ತಟ್ಟನ್ನು ಅದರ ಮೇಲೆ ಹಿಡಿದು ನಿಂತಿದ್ದಾನೆ. ನೆರಳೆಲ್ಲ ಬಳ್ಳಿಗೆ, ಬಿಸಿಲೆಲ್ಲ ಅವನಿಗೆ.

"ಕಾಕಾ, ಮಶೀನ ಎಲ್ಲೈತಿ?"

"ಇದ ಮಶೀನ. ಮಾತಾಡಸಬ್ಯಾಡ, ನೆಳ್ಳು ಸರೀತೈತಿ."

"ಎಷ್ಟೊತ್ತು ನಿಲ್ಲತಿ?"

"ಮನಿ ಗ್ವಾಡಿ ನೆಳ್ಳು ಇಲ್ಲಿಗೆ ಬರೂತನಕ. ದಿನಾ ಬಂದು ಕೈಲೆ ತಟ್ಟು ಇಳಸತಿದ್ದೆ, ಇವತ್ತ ಚಪ್ಪರನ ಇಲ್ಲ. ನಿಮ್ಮ ಚಿಗವ್ವ ಮಲಗಿರತಾಳ, ಆಕಿಗೆ ಹೇಳಬ್ಯಾಡ."

ಹೇಳುವುದೇನು, ಚಿಗವ್ವ ಬಾಗಿಲಲ್ಲೇ ನಿಂತಿದ್ದಳು. ನನಗೆ ನಗು ಬಂದಿತ್ತು, ಅವಳ ಮುಖ ನೋಡಿ ನುಂಗಿಕೊಂಡೆ. ಅವಳು ಬರಿಗಾಲಲ್ಲಿ ಕಾದ ಅಂಗಳಕ್ಕಿಳಿದು ಅವನ ಮುಂದೆ ನಿಂತಳು.

"ಒಣಗಿದ್ರ ಒಣಗ್ಲಿ, ಒಳಗ ಬರ್ರಿ."

"ನಿಮ್ಮಪ್ಪನ ಬಳ್ಳಿ ಅದು..."

"ಬಳ್ಳಿ ಯಾರ ತ್ವಾಟದಾಗರ ಸಿಗತೈತಿ. ನಿಮ್ಮನ್ನ ಯಾವ ತ್ವಾಟದಿಂದ ತರ್ಲಿ ನಾ?"

ಕಾಕಾ ಕೈಗಳನ್ನು ಇಳಿಸಲಿಲ್ಲ. ಚಿಗವ್ವ ಕಣ್ಣೊರೆಸಿಕೊಂಡು, ಸೆರಗು ಬಿಗಿದು, ತಟ್ಟಿನ ಇನ್ನೊಂದು ತುದಿ ಹಿಡಿದಳು. ಗೋಡೆಯ ನೆರಳು ಬರುವವರೆಗೆ ಇಬ್ಬರೂ ಹಾಗೆಯೇ ನಿಂತಿದ್ದರು. ಎಷ್ಟೋ ವರ್ಷಗಳಾದವು, ಅವರಿಬ್ಬರೂ ಹಿಡಿದ ಆ ನೆರಳು ನನಗಿನ್ನೂ ನೆನಪಿದೆ.