ಸೋರುವ ಗಿಟಾರು

ಚಿತ್ರದುರ್ಗದಲ್ಲಿ ಆಂಪ್ಲಿಫೈಯರ್, ಮಿಕ್ಸಿ, ಅಪರೂಪಕ್ಕೊಂದು ಗಿಟಾರು ರಿಪೇರಿ ಮಾಡಿಕೊಂಡು ಕೂತವನು ನಾನು. ಕೆಟ್ಟ ಸಾಮಾನು ಹೇಗೋ ಸರಿಹೋಗುತ್ತದೆ, ಅದರ ಜೊತೆ ಬರುವವರದೇ ತಾಪತ್ರಯ. ಒಂದೇ ಗಿಟಾರು ನನ್ನನ್ನು ಮೂರು ಸಲ ಸೋಲಿಸಿದ್ದೂ ಹೀಗೆಯೇ.

ತೂಬು

ಗಿಟಾರಿನವನು ಆರ್ಕೆಸ್ಟ್ರಾದಲ್ಲಿ ನುಡಿಸುತ್ತಾನೆ. ಸಪ್ಪೆ ಮುಖ ಹೊತ್ತು ಬಂದ.

"ಅಣ್ಣಾ, ಸೌಂಡು ಕಿವಿಗೆ ಚುಚ್ಚತೈತೆ ಅಂತ ಲೀಡರ್ರು ಬೈತಾರೆ. ಭಾನುವಾರ ಹೊಳಲ್ಕೆರೆ ರಿಸೆಪ್ಷನ್‌ನಾಗೂ ಹಂಗೇ ಆದ್ರೆ ಗಂಟುಮೂಟೆ ಕಟ್ಟು ಅಂದಾರೆ."

ಬಿಚ್ಚಿ ನೋಡಿದೆ. ಟೋನ್ ಗುಂಡಿಯ ಕೆಪಾಸಿಟರ್‌ನ ಬೆಸುಗೆ ಬಿಟ್ಟಿತ್ತು. ಅದು ಇದ್ದದ್ದೇ ಹುಣಸೆ ಬೀಜದಷ್ಟು. ಬೆಸೆಯುತ್ತ ತಿಳಿಸಿ ಹೇಳಿದೆ: "ಇದು ಕೆರೆ ತೂಬು ಇದ್ದಂಗೆ ಕಣಪ್ಪ. ಗುಂಡಿ ಇಳಿಸಿದಷ್ಟೂ ಚುಚ್ಚೋ ಸೌಂಡು ಇದ್ರಾಗೆ ಹಾದು ಅರ್ತಿಂಗ್‌ಗೆ ಹೋಗ್ತೈತೆ. ದಪ್ಪ ಸೌಂಡು ಉಳೀತೈತೆ."

ಅವನು ಹೌಹಾರಿದ.

"ಅಂದ್ರೆ ಗಿಟಾರು ಸೋರ್ತೈತೆ ಅನ್ರಿ! ಮೊದ್ಲು ಅದನ್ನ ಮುಚ್ರಿ!"

ಆದಿವಾಲದ ಭಾವ

ಎರಡು ದಿನಕ್ಕೆ ಮತ್ತೆ ಬಂದ. ಗಿಟಾರಿನ ಬೆನ್ನಿಗೆ ಲೋಟದಷ್ಟು ದಪ್ಪನೆಯ ಕೆಪಾಸಿಟರ್ ಟೇಪು ಸುತ್ತಿಸಿಕೊಂಡು ಕೂತಿತ್ತು. ಕೂರಿಸಿದವರೂ ಜೊತೆಗಿದ್ದರು. ಅವನ ಅಕ್ಕನ ಗಂಡ, ಆದಿವಾಲದಲ್ಲಿ ಬೋರ್‌ವೆಲ್ ಮೋಟರ್ ರಿಪೇರಿ ಮಾಡುವವರು. ಮೋಟರ್ ಎಳೆಯದಿದ್ದರೆ ದೊಡ್ಡ ಕೆಪಾಸಿಟರ್ ಹಾಕುವುದು ಅವರ ಒಂದೇ ಮದ್ದು.

"ನೀವು ಹಾಕಿದ ಆ ಬೀಜ ಏನು ಎಳೀತೈತ್ರಿ? ಇದು ನಾನೂರಡಿ ನೀರು ಮ್ಯಾಲೆ ತಂದಿರೋ ಮಾಲು!"

"ನುಡಿಸಪ್ಪ, ನೋಡಾಣ" ಎಂದೆ. ಗಿಟಾರಿನವನು ಗುಂಡಿ ಇಳಿಸುತ್ತ ಹೋದ. ಸೊನ್ನೆಗೆ ಬಂದಾಗ ಚುಚ್ಚುವ ಸೌಂಡೂ ಇಲ್ಲ, ದಪ್ಪ ಸೌಂಡೂ ಇಲ್ಲ. ತೂಬು ಅಷ್ಟು ದೊಡ್ಡದಾದ ಮೇಲೆ ಇಡೀ ಕೆರೆಯೇ ಖಾಲಿ.

ಭಾವ ಹೆಮ್ಮೆಯಿಂದ ತಲೆದೂಗಿದರು.

"ಎಳೆತ ಹೆಂಗೈತೆ ನೋಡ್ರಿ!"

ಹೊಳಲ್ಕೆರೆ ರಿಸೆಪ್ಷನ್

ನನಗೆ ಸಿಟ್ಟು ನೆತ್ತಿಗೇರಿತು. ಲೋಟವನ್ನು ಕಿತ್ತು ಭಾವನ ಕೈಗಿಟ್ಟು, ಹುಣಸೆ ಬೀಜವನ್ನೇ ಮತ್ತೆ ಬೆಸೆದು ಕಳಿಸಿದೆ. ಆದರೂ ಪಾಪ, ಅವನ ಕೆಲಸ ನನ್ನ ಬೆಸುಗೆಯ ಮೇಲೆ ನಿಂತಿದೆಯಲ್ಲ ಎಂದು ಜೀವ ತಡೆಯಲಿಲ್ಲ. ಭಾನುವಾರ ನಾನೂ ಹೊಳಲ್ಕೆರೆ ಬಸ್ಸು ಹತ್ತಿದೆ.

ಕಾರ್ಯಕ್ರಮಕ್ಕೆ ಮುಂಚೆ ಲೀಡರ್ರು ತಾವೇ ಬಂದು ಟೋನ್ ಗುಂಡಿಯನ್ನು ಸೊನ್ನೆಗೆ ತಿರುಗಿಸಿ, "ಇನ್ನ ಮುಟ್ಟೀಯ, ಜೋಕೆ!" ಎಂದರು. ಕೀಬೋರ್ಡು, ರಿದಮ್ ಪ್ಯಾಡು ಅಬ್ಬರಿಸಿದವು. ಗಿಟಾರಿನವನು ಕಣ್ಣು ಮುಚ್ಚಿ, ಮೈಮರೆತು ನುಡಿಸಿದ. ಯಾರೊಬ್ಬರೂ ಕಿವಿ ಮುಚ್ಚಿಕೊಳ್ಳಲಿಲ್ಲ.

ಮುಗಿದ ಮೇಲೆ ಲೀಡರ್ರು ಅವನ ಬೆನ್ನು ತಟ್ಟಿದರು. "ಇವತ್ತು ನುಡಿಸಿದೆ ನೋಡಲೇ! ಇನ್ನ ನೀನು ಪರ್ಮನೆಂಟು."

ಅವನ ಕಣ್ಣಲ್ಲಿ ನೀರು. ನನ್ನ ಎದೆಯೂ ಉಬ್ಬಿತು. ಅಭಿಮಾನದಿಂದ ಗಿಟಾರು ತೆಗೆದುಕೊಂಡು ಹಿಂದೆ ತಿರುಗಿಸಿ ನೋಡಿದೆ. ಲೋಟ ಮತ್ತೆ ಅಲ್ಲೇ ಕೂತಿತ್ತು, ಗುಂಡಿಯೂ ಸೊನ್ನೆಯಲ್ಲೇ! ಅಂದರೆ ಇಡೀ ಕಾರ್ಯಕ್ರಮದಲ್ಲಿ ಆ ಗಿಟಾರಿನಿಂದ ಒಂದು ಸ್ವರವೂ ಹೊರಗೆ ಬಂದಿರಲಿಲ್ಲ.

ಹೇಳಲು ಬಾಯಿ ತೆರೆದೆ. ಅವನ ಮುಖ ನೋಡಿ ಮುಚ್ಚಿಕೊಂಡೆ.

ಅವನ ಜೊತೆಗೇ ಬಂದಿದ್ದ ಭಾವ ಎಲೆ ಅಡಿಕೆ ಹಾಕಿಕೊಳ್ಳುತ್ತ ಹತ್ತಿರ ಬಂದರು.

"ಈಗ್ಲಾದ್ರೂ ಒಪ್ಕಳ್ರಿ. ಕೆಪಾಸಿಟರ್ ಅಂದ್ರೆ ದೊಡ್ಡದೇ ಹಾಕ್ಬೇಕು."

ಒಪ್ಪಿಕೊಂಡೆ.