ಗುಂಡು ಹಾರಿಸದೆ ಗೆದ್ದವನಿಂದ ನಿಯಮಪಾಲಕ ಯಂತ್ರಕ್ಕೆ

ಮಾನ್ಯ ನಿಯಮಪಾಲಕ ಯಂತ್ರ ಮಹಾಶಯರೇ,

ಅಂಕೋಲೆಯ ಕೇಣಿ ಕಡಲತೀರದಿಂದ ತಮಗೆ ನನ್ನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಪಾದಗಳು ಯಾವ ದೇಶದಲ್ಲಿವೆಯೋ ತಿಳಿಯದ ಕಾರಣ ಮೊಬೈಲನ್ನೇ ಮಣೆಯ ಮೇಲಿಟ್ಟು ಅದರ ಮುಂದೆ ಉದ್ದಕ್ಕೆ ಬಿದ್ದೆ. ಮೀನು ಮಾರಿ ಮನೆಗೆ ಬಂದ ನನ್ನ ಹೆತ್ತ ಆಯಿ ಇದನ್ನು ಕಂಡು ಬುಟ್ಟಿ ಇಳಿಸುವುದನ್ನೂ ಮರೆತು, "ಇವನಿಗೆ ಎಂತಾ ಬಡೀತಪ್ಪಾ?" ಎಂದು ಪಕ್ಕದ ಮನೆಯವರನ್ನು ಕೂಗಿದಳು. ಆದರೂ ನಮಸ್ಕಾರ ಪೂರ್ತಿಯಾಗುವ ತನಕ ನಾನು ಏಳಲಿಲ್ಲ. ದೊಡ್ಡವರಿಗೆ ಅರ್ಧ ನಮಸ್ಕಾರ ಮಾಡಬಾರದು.

'ಲೈಟ್‌ಹೌಸ್ ಲೀಗ್' ಎಂಬ ಮೊಬೈಲ್ ಆಟದಲ್ಲಿ ತಾವು ಸಾವಿರಾರು ಪಂದ್ಯಗಳನ್ನು ಒಟ್ಟಿಗೇ ನೋಡಿ, ಆಡಿದವರ ಬೆನ್ನು ತಟ್ಟಿ, ಆಡದವರನ್ನು ಹೊರಗೆ ಹಾಕುವ ಪುಣ್ಯದ ಕೆಲಸ ಮಾಡುತ್ತಿದ್ದೀರಿ. ಹೋದ ವಾರ ಆ ಕೃಪಾದೃಷ್ಟಿ ನನ್ನ ಮೇಲೂ ಬಿತ್ತು. ನಮ್ಮ ತಂಡ ಸದಾಶಿವಗಡದವರನ್ನು ಸೋಲಿಸಿ ಫೈನಲ್ಲಿಗೆ ಬಂದ ಸಂತೋಷಕ್ಕೆ ನಾವು ತರಿಸಿದ ಸೋಡಾ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ನನ್ನ ಖಾತೆಗೆ ಬೀಗ ಬಿತ್ತು. ಕಾರಣವನ್ನೂ ತಾವು ದೊಡ್ಡ ಮನಸ್ಸಿನಿಂದ ತಿಳಿಸಿದ್ದಿರಿ: "ಹೊಡೆದ ಶತ್ರುಗಳು: ಸೊನ್ನೆ. ಆಟಗಾರ ನಿಷ್ಕ್ರಿಯ."

ಸೊನ್ನೆ ಎಂಬುದು ಸತ್ಯ. ಅದಕ್ಕೆ ನನ್ನ ತಕರಾರಿಲ್ಲ. ಬೇಕಾದರೆ ಇನ್ನೊಂದು ಸೊನ್ನೆಯನ್ನು ನಾನೇ ಪಕ್ಕದಲ್ಲಿ ಬರೆದು ಕೊಡುತ್ತೇನೆ. ತಕರಾರಿರುವುದು ಎರಡನೆಯ ಮಾತಿಗೆ.

ಇದು ಎಲ್ಲರೂ ಓದಲೆಂದು ಅಂಕೋಲೆಯ ಬಸ್ ನಿಲ್ದಾಣದ ಗೋಡೆಗೆ ಅಂಟಿಸುವ ಪತ್ರವಾದ್ದರಿಂದ, ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳುವುದಕ್ಕೆ ಅಪ್ಪಣೆಯಾಗಬೇಕು. ಆಚೆ ಐದು ಜನ, ಈಚೆ ಐದು ಜನ, ನಡುವೆ ಒಂದು ದ್ವೀಪ, ದ್ವೀಪದಲ್ಲಿ ಮೂರು ದೀಪಸ್ತಂಭಗಳು. ಯಾರ ತಂಡದವನು ದೀಪದ ಕೆಳಗೆ ನಿಂತಿರುತ್ತಾನೋ ದೀಪ ಆ ತಂಡದ ಬಣ್ಣದಲ್ಲಿ ಉರಿಯುತ್ತದೆ. ಹೆಚ್ಚು ಹೊತ್ತು ದೀಪ ಉರಿಸಿದವರು ಗೆದ್ದ ಹಾಗೆ. ಇದು ನನ್ನ ಸ್ವಂತ ಕಲ್ಪನೆಯಲ್ಲ, ಆಟ ಶುರುವಾಗುವಾಗ ತಾವೇ ತೋರಿಸುವ ಮೊದಲ ವಾಕ್ಯ. ಅದನ್ನು ಓದಿದವನು ಭೂಮಿಯ ಮೇಲೆ ನಾನೊಬ್ಬನೇ ಎಂದು ಈಗೀಗ ಅನುಮಾನ ಬರುತ್ತಿದೆ. ಮಿಕ್ಕವರಿಗೆ ಬಂದೂಕು ಕಂಡ ಕೂಡಲೇ ದೀಪ ಮರೆತುಹೋಗುತ್ತದೆ.

ನನಗೆ ಗುರಿ ಇಟ್ಟು ಹೊಡೆಯಲು ಬರುವುದಿಲ್ಲ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹಾಗಾಗಿ ನಾನು ಮೊದಲು ಗುಡ್ಡ ಹತ್ತಿ ಯಾರು ಯಾವ ಕಡೆಯಿಂದ ಬರುತ್ತಿದ್ದಾರೆಂದು ನಮ್ಮವರಿಗೆ ಹೇಳುತ್ತೇನೆ. ಆಮೇಲೆ ಎದುರಾಳಿಗಳ ಕಣ್ಣಿಗೆ ಬೀಳುವಂತೆ ಒಮ್ಮೆ ಸುಳಿದು, ತೆಂಗಿನ ತೋಪಿನೊಳಗೆ ಓಡುತ್ತೇನೆ. ಓಡುವವನನ್ನು ಕಂಡರೆ ನಾಯಿಗೂ ಮನುಷ್ಯನಿಗೂ ಸುಮ್ಮನಿರಲು ಆಗುವುದಿಲ್ಲ. ಸೆಮಿಫೈನಲ್ಲಿನಲ್ಲಿ ಸದಾಶಿವಗಡದ ಮೂವರು ನನ್ನ ಹಿಂದೆ ಬಿದ್ದು ಇಡೀ ದ್ವೀಪ ಸುತ್ತಿದರು. ಅಷ್ಟು ಹೊತ್ತು ಉಳಿದ ಅವರ ಇಬ್ಬರೆದುರು ನಮ್ಮವರು ನಾಲ್ವರು. ಓಟ ಮುಗಿದ ಮೇಲೆ ನಾನು ಬಂಡೆಯ ಮರೆಯ ಮೂರನೆಯ ದೀಪದ ಕೆಳಗೆ ಹೋಗಿ ನಿಂತೆ, ಕೊನೆಯ ತನಕ ಅಲ್ಲಿಂದ ಕದಲಲಿಲ್ಲ. ಎದುರು ಸಾಲಿನಲ್ಲಿ ಕೂತಿದ್ದ ಸದಾಶಿವಗಡದ ನಾಯಕ ಮಂಗೇಶ ನಮ್ಮವರನ್ನು ಮೇಲಿಂದ ಮೇಲೆ ಹೊಡೆದುರುಳಿಸಿ, ಪಂದ್ಯ ಮುಗಿದಾಗ ಕುರ್ಚಿ ಬಿಟ್ಟೆದ್ದು ಕುಣಿದ. ಕುಣಿಯುತ್ತಲೇ ಅಂಕ ನೋಡಿದ. ಸೋತಿದ್ದೇವೆಂದು ತಲೆಗೆ ತಿಳಿದರೂ ಕಾಲಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನನ್ನ ಹತ್ತಿರ ಬಂದು, "ಅಲ್ಲಾ ಮರಾಯಾ, ನೀನು ಆಡಿದ್ದೋ, ಬಸ್ಸಿಗೆ ಕಾದದ್ದೋ?" ಎಂದು ಕೇಳಿದ. ಆ ಬೇಸರದಲ್ಲಿ ಅವನು ಕಳಿಸಿದ ದೂರನ್ನೇ ತಾವು ಎತ್ತಿಹಿಡಿದದ್ದು.

ತಮ್ಮ ತೀರ್ಪಿನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಕೊನೆಯಲ್ಲಿರುವ ಆ ಒಂದೇ ಒಂದು ಬಟನ್. "ಆಟದಲ್ಲಿ ಪಾಲ್ಗೊಳ್ಳದೆ ನನ್ನ ತಂಡಕ್ಕೆ ಅನ್ಯಾಯ ಮಾಡಿದ್ದೇನೆಂದು ಒಪ್ಪುತ್ತೇನೆ" ಎಂದು ಅದರ ಮೇಲೆ ಬರೆದಿದೆ. ಒತ್ತಿದರೆ ಆ ಕ್ಷಣವೇ ಬೀಗ ತೆಗೆಯುತ್ತೀರಿ, ಒತ್ತದಿದ್ದರೆ ತಿಂಗಳು ಪೂರ್ತಿ ಹೊರಗೆ. ಒಪ್ಪುವುದಿಲ್ಲ ಎನ್ನಲು ಬೇರೆ ಬಟನ್ ಇಟ್ಟು ನಮ್ಮಂಥವರನ್ನು ಗೊಂದಲಕ್ಕೆ ಕೆಡವದ ತಮ್ಮ ಕರುಣೆ ದೊಡ್ಡದು. ಆದರೆ ಬರುವ ಭಾನುವಾರವೇ ಕಾರವಾರದಲ್ಲಿ ಫೈನಲ್. ಬೇಲೆಕೇರಿಯವರ ತಂಡ ಎದುರಿಗಿದೆ. ಗೆದ್ದವರಿಗೆ ಒಂದು ಕಪ್ಪು, ಜೊತೆಗೆ ಬೋಟಿನ ಮಾಲೀಕರೊಬ್ಬರು ಕೊಡುವ ತೋಳುದ್ದದ ಇಸವಣ ಮೀನು.

ನಮ್ಮ ತಂಡದ ನಾಯಕಿ ಸಪ್ನಾ ಮನೆಯ ತನಕ ಬಂದು, "ಒತ್ತಿಬಿಡು ಮರಾಯಾ, ಬಟನ್ ಒತ್ತಿದ್ದಕ್ಕೆ ಯಾರೂ ನರಕಕ್ಕೆ ಹೋಗೂದಿಲ್ಲ" ಎಂದಳು. ಅವಳ ಬೆನ್ನಿಗೆ ಬಂದಿದ್ದ ನಮ್ಮ ತಂಡದ ರೋಷನ, "ಬಂದೂಕೂ ಮುಟ್ಟೂದಿಲ್ಲ, ಈಗ ಬಟನೂ ಮುಟ್ಟೂದಿಲ್ಲ, ಕೈ ಎಂತಕ್ಕೆ ಇಟ್ಟುಕೊಂಡಿದ್ದೀಯೋ?" ಎಂದ. ಅವರು ಹೇಳುವುದರಲ್ಲೂ ತಪ್ಪಿಲ್ಲ. ನನ್ನೊಬ್ಬನ ಹಟದಿಂದ ನಾಲ್ವರ ಫೈನಲ್ ಹಾಳಾಗುತ್ತದೆ ಎಂದು ನೆನೆದು ಬಟನ್ನಿನ ತನಕ ಬೆರಳು ಒಯ್ದದ್ದೂ ಉಂಟು. ಅನ್ಯಾಯ ಮಾಡಿದ್ದರೆ ಎರಡು ಸಲ ಒತ್ತುತ್ತಿದ್ದೆ. ಮಾಡಿಲ್ಲವಲ್ಲ!

ಈ ವಿಷಯದಲ್ಲಿ ನನ್ನ ಹಣೆಬರಹವೇ ಹಾಗೆ. ನಾನು ಹತ್ತನೇ ಇಯತ್ತೆಯಲ್ಲಿದ್ದಾಗ ದೋಣಿಯ ಮೇಲೆ ಹೋದ ದಿನಗಳಲ್ಲೂ ಮಾಸ್ತರರು ಪಾಪ, ಹುಡುಗ ಪರೀಕ್ಷೆಗೆ ಕೂರಲಿ ಎಂದು ಹಾಜರಿ ಹಾಕಿದ್ದರು. ನಾನೇ ಹೋಗಿ, ಆ ದಿನಗಳಲ್ಲಿ ನಾನು ಶಾಲೆಯಲ್ಲಿರಲಿಲ್ಲ ಎಂದೆ. ಹಾಜರಿ ಸಾಲದೆ ಪರೀಕ್ಷೆ ತಪ್ಪಿತು, ಶಾಲೆಯೂ ತಪ್ಪಿತು. "ಬಾಯಿ ಮುಚ್ಚಿ ಕೂತಿದ್ದರೆ ಪಾಸಾಗಿರ್ತಿದ್ದೆ" ಎಂದು ಆಯಿ ಇಂದಿಗೂ ಸಾರಿಗೆ ಉಪ್ಪು ಹಾಕುವಾಗೆಲ್ಲ ಹೇಳುತ್ತಾಳೆ. ಇಲ್ಲದ ದಿನ ಇದ್ದಾನೆ ಎಂದು ಬರೆದವರು ಮಾಸ್ತರರು, ಇದ್ದ ದಿನ ಇಲ್ಲ ಎಂದು ಬರೆದವರು ತಾವು. ಇಬ್ಬರ ನಡುವೆ ನಾನು ಇದ್ದದ್ದು ಯಾವಾಗ ಎಂದು ಈಗ ನನಗೇ ಲೆಕ್ಕ ಸಿಗುತ್ತಿಲ್ಲ. ಅದಾದ ಮೇಲೆ ಮಂಜುಗಡ್ಡೆ ಕಾರ್ಖಾನೆ, ಬೈಕ್ ಗ್ಯಾರೇಜು, ಕಾರವಾರದಲ್ಲೊಂದು ಐಸ್‌ಕ್ರೀಂ ಅಂಗಡಿ ಎಂದು ಎಲ್ಲಿಯೂ ಒಂದು ಮಳೆಗಾಲ ಪೂರ್ತಿ ನಿಲ್ಲದ ನಾನು, ಜನ್ಮದಲ್ಲಿ ಮೊದಲ ಸಲ ಒಂದು ಕಡೆ ನೆಟ್ಟಗೆ ನಿಂತದ್ದು ತಮ್ಮ ಆ ದೀಪದ ಕೆಳಗೆ. ನಿಂತದ್ದಕ್ಕೇ ತಾವು ಶಿಕ್ಷೆ ಕೊಟ್ಟಿರಿ.

ನಮ್ಮ ಬೀರಾ ಅಜ್ಜನ ಸಂಗತಿಯನ್ನು ತಮ್ಮ ಗಮನಕ್ಕೆ ತರಬೇಕು. ಅಜ್ಜ ರಂಪಣಿ ಕಾಲದ ಮನುಷ್ಯ. ರಂಪಣಿ ಎಂದರೆ ಊರಿನವರೆಲ್ಲ ದಡದಲ್ಲಿ ಸಾಲಾಗಿ ನಿಂತು ಹಗ್ಗ ಹಿಡಿದು ಎಳೆಯುವ ಬಲು ಉದ್ದದ ಬಲೆ. ಅಜ್ಜ ಹಗ್ಗ ಮುಟ್ಟಿದವನೇ ಅಲ್ಲ. ಗುಡ್ಡದ ನೆತ್ತಿಯಲ್ಲಿ ನಿಂತು, ನೀರು ಎಲ್ಲಿ ಕಪ್ಪಾಯಿತು, ಹಕ್ಕಿ ಎಲ್ಲಿ ಇಳಿಯಿತು ಎಂದು ನೋಡಿ ಪಂಚೆ ಬೀಸುತ್ತಿದ್ದ, ಬೀಸಿದ ಕಡೆಗೆ ದೋಣಿ ತಿರುಗಿ ಬಲೆ ಬಿಡುತ್ತಿತ್ತು. ಬಂಗಡೆ ಮೀನು ದಡಕ್ಕೆ ಬಂದು ಪಾಲು ಹಾಕುವಾಗ ಎಳೆದವರಿಗೆ ಎಷ್ಟೋ ಅಜ್ಜನಿಗೂ ಅಷ್ಟೇ. ಊರಿಗೆ ಹೊಸದಾಗಿ ಬಂದ ಅಳಿಯನೊಬ್ಬ, "ಅವರು ಎಂತಾ ಮಾಡಿದರು, ಪಂಚೆ ಒಣಗಿಸಿದರಷ್ಟೇ ಅಲ್ಲವಾ?" ಎಂದು ಕೇಳಿದನಂತೆ. ಅಜ್ಜ ಮರುದಿನ ಗುಡ್ಡ ಹತ್ತದೆ ಮನೆಯಲ್ಲಿ ಮಲಗಿದ. ಊರೆಲ್ಲ ಸೇರಿ ಬಿಸಿಲೇರುವ ತನಕ ಎಳೆದು ತಂದದ್ದು ಒಂದು ಮರದ ದಿಮ್ಮಿ ಮತ್ತು ಯಾರದ್ದೋ ಎಡಗಾಲಿನ ಚಪ್ಪಲಿ. ಅಂದಿನಿಂದ ಅಜ್ಜನ ಪಾಲಿನ ಬುಟ್ಟಿಯನ್ನು ಆ ಅಳಿಯನೇ ಹೊತ್ತು ಮನೆಗೆ ಮುಟ್ಟಿಸುತ್ತಿದ್ದ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟೇ. ತಾವು ಒಮ್ಮೆ ಬಿಡುವು ಮಾಡಿಕೊಂಡು ಕೇಣಿಗೆ ದಯಮಾಡಿಸಬೇಕು. ಕೈಗಳಿಲ್ಲವೆಂಬ ಸಂಕೋಚ ಬೇಡ, ಹಗ್ಗವನ್ನು ಸೊಂಟಕ್ಕೆ ಕಟ್ಟುತ್ತೇವೆ, ಸೊಂಟವೂ ಇಲ್ಲದಿದ್ದರೆ ಗುಡ್ಡದ ಮೇಲೆ ಅಜ್ಜನ ಪಕ್ಕ ಕೂರಿಸುತ್ತೇವೆ. ಬರುವ ದಾರಿಯಲ್ಲಿ ಕಾರವಾರದ ಎದುರಿನ ದ್ವೀಪದ ಮೇಲಿರುವ ನಿಜವಾದ ದೀಪಸ್ತಂಭವನ್ನೂ ವಿಚಾರಿಸಿಕೊಳ್ಳಬೇಕು. ಇಷ್ಟು ವರ್ಷಗಳಿಂದ ಒಂದೇ ಕಡೆ ನಿಂತಿದೆ, ಇಲ್ಲಿಯವರೆಗೆ ಒಂದು ಹಡಗಿಗೂ ಗುಂಡು ಹೊಡೆದಿಲ್ಲ. ನೀರಿನ ತಳದಲ್ಲಿ ಸುಮ್ಮನೆ ಬಿದ್ದುಕೊಂಡು ದೋಣಿ ಕಾಯುವ ಲಂಗರುಗಳಿಗೂ ಒಂದೊಂದು ನೋಟೀಸು ಹೋಗಲಿ. ಇದೆಲ್ಲ ಆಗದಿದ್ದರೆ, ಆ ಬಟನ್ನಿನ ಪಕ್ಕ "ನಿಂತಿದ್ದೆ, ಅದಕ್ಕೇ ಗೆದ್ದೆವು" ಎಂದು ಬರೆದ ಇನ್ನೊಂದು ಚಿಕ್ಕ ಬಟನ್ ಇಟ್ಟರೆ ಸಾಕು. ಭಾನುವಾರದೊಳಗೆ ಇಟ್ಟರೆ ನಾನೇ ಮೊದಲು ಒತ್ತುತ್ತೇನೆ. ಇಡದಿದ್ದರೆ ಹಳೆಯದನ್ನಂತೂ ಒತ್ತುವುದಿಲ್ಲ. ಸಪ್ನಾಳಿಗೂ ಇದನ್ನೇ ಹೇಳಿದ್ದೇನೆ. ಅವಳು, "ಹಾಗಾದರೆ ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು ಅಂತಾದರೂ ನಮಗೆ ಕಲಿಸು" ಎಂದಳು. ಕಲಿಸುತ್ತಿದ್ದೇನೆ.

ಬೀಗದ ಹೊರಗೆ, ತಾವು ಹಾಕಿದ ಜಾಗದಲ್ಲೇ ಅಲುಗಾಡದೆ ನಿಂತಿರುವ,

ತಮ್ಮ ವಿಶ್ವಾಸಿ,
ನಿತಿನ ತುಳಸಿದಾಸ ಹರಿಕಂತ್ರ
ಕೇಣಿ, ಅಂಕೋಲಾ

ತಾ.ಕ.: ಪತ್ರ ಅಂಟಿಸುವುದು ತಡವಾದ್ದರಿಂದ ಭಾನುವಾರದ ವರದಿಯನ್ನೂ ಸೇರಿಸುತ್ತಿದ್ದೇನೆ. ನಮ್ಮವರು ನಾಲ್ವರೇ ಐವರೆದುರು ಆಡಿದರು. ಒಬ್ಬರೂ ಗುಂಡು ಹಾರಿಸಲಿಲ್ಲ. ರೋಷನ ಓಡಿದ, ಮೂವರು ದೀಪಕ್ಕೊಬ್ಬರಂತೆ ನಿಂತರು, ಬೇಲೆಕೇರಿಯ ಐವರೂ ರೋಷನನ ಹಿಂದೆ ಹೋದರು. ಕಪ್ಪು ಕೇಣಿಗೆ ಬಂತು. ಸಂಜೆಯೊಳಗೆ ನಾಲ್ವರಿಗೂ ತಮ್ಮಿಂದ "ನಿಷ್ಕ್ರಿಯ" ಎಂಬ ಬಿರುದೂ ಬಂತು. ಅವರೂ ಬಟನ್ ಒತ್ತಲಿಲ್ಲ. ಇಸವಣವನ್ನು ನಮ್ಮ ಆಯಿಯೇ ಕೊಯ್ದಳು. ಆಡದ ನನಗೆ ಪಾಲು ಬೇಡವೆಂದು ಎದ್ದೆ, ಬೀರಾ ಅಜ್ಜ, "ಗುಡ್ಡದ ಮೇಲೆ ನಿಂತವ ನೀನೇ ಅಲ್ಲವಾ? ಕೂತ್ಕೋ" ಎಂದು ಗದರಿಸಿ ಕೂರಿಸಿದ. ತಮ್ಮ ಹೆಸರಿನಲ್ಲೂ ಒಂದು ತುಂಡು ತೆಗೆದಿಟ್ಟಿದ್ದೆವು. ಆದರೆ ತಾವು ಪಂದ್ಯದುದ್ದಕ್ಕೂ ಒಬ್ಬರಿಗೂ ಹೊಡೆಯದೆ ಸುಮ್ಮನೆ ನೋಡುತ್ತ ನಿಂತಿದ್ದಿರೆಂದು ಗೊತ್ತಾದ್ದರಿಂದ, ತಮ್ಮದೇ ನಿಯಮಕ್ಕೆ ತಲೆಬಾಗಿ, ಅದನ್ನು ಬೆಕ್ಕಿಗೆ ಹಾಕಲಾಯಿತು.