ಮಿರ್ಚಿ ಪರೀಕ್ಷೆಯ ರಿಪೋರ್ಟ್

ದವಾಖಾನೆ, ಖಾನಾವಳಿ ಎದುರುಬದುರು ಇದ್ದರೆ ಇಂಥವು ನಡೆಯುತ್ತಲೇ ಇರುತ್ತವೆ. ಜನ ಒಂದರಿಂದ ಎದ್ದು ಇನ್ನೊಂದಕ್ಕೆ ಹೋಗುತ್ತಾರೆ. ಯಾವುದರಿಂದ ಯಾವುದಕ್ಕೆ ಅಂತ ನಾನು ಹೇಳುವುದಿಲ್ಲ. ಮೊದಲು ವಾಡಿಯಲ್ಲಿ, ಆಮೇಲೆ ಸೇಡಂನಲ್ಲಿ, ನನ್ನ ಒಲೆ ಉರಿದದ್ದು ಡಾಕ್ಟರರ ಎದುರಿಗೇ. ಆ ಇಬ್ಬರು ಡಾಕ್ಟರರೂ ಈಗಿಲ್ಲ. ಅವರ ಕೈಗುಣದ ಬಗ್ಗೆ ದೊಡ್ಡವರು ಸಭೆಗಳಲ್ಲಿ ಮಾತಾಡಿ ಮುಗಿಸಿದ್ದಾರೆ. ಉಳಿದದ್ದು ನನ್ನ ಪಾಲಿಗೆ.

ಜ್ವರ ವಾಪಸ್ ಬಂತು

ವಾಡಿ ಡಾಕ್ಟರರ ದವಾಖಾನೆ ಸ್ಟೇಷನ್ನಿನ ಮಗ್ಗುಲಲ್ಲೇ ಇತ್ತು. ರೋಗಿಗಳು ಪ್ಯಾಸೆಂಜರ್ ಗಾಡಿಗೆ ಬಂದು, ಪ್ಯಾಸೆಂಜರ್ ಗಾಡಿಗೇ ಹೋಗುವವರು. ಒಮ್ಮೆ ಚಿತ್ತಾಪುರದವನೊಬ್ಬನ ಬಾಯಲ್ಲಿ ಥರ್ಮಾಮೀಟರ್ ಇಟ್ಟು, "ನಾ ಹೇಳೋತನಕ ಬಾಯಿ ತೆರೀಬ್ಯಾಡ" ಅಂದರು. ಅಷ್ಟರಲ್ಲಿ ಗಾಡಿ ಸೀಟಿ ಹೊಡೆಯಿತು. ಆಸಾಮಿ ಥರ್ಮಾಮೀಟರ್ ಸಮೇತ ಓಡಿದ. ಅವನ ಹಿಂದೆ ಡಾಕ್ಟರು. "ಏ, ಬಾಯಾಗಿಂದು ಕೊಟ್ಟು ಹೋಗೋ!" ಗದ್ದಲದಲ್ಲಿ ಅವನಿಗೇನು ಕೇಳಿಸಬೇಕು? ತುಟಿ ಬಿಗಿಹಿಡಿದು ಕಿಟಕಿಯಿಂದ ಕೈಮುಗಿದ. ಗಾಡಿ ಹೋಯಿತು.

ಮರುದಿನ ಅದೇ ಗಾಡಿಗೆ ಬಂದ. ಥರ್ಮಾಮೀಟರನ್ನು ಟವೆಲ್ಲಿನಲ್ಲಿ ಕೂಸಿನಂತೆ ಸುತ್ತಿದ್ದ. ಪಾದರಸ ಏರಿದಲ್ಲೇ ನಿಂತಿತ್ತು.

"ನೋಡ್ರಿ ಸಾಹೇಬ್ರ, ತಣ್ಣೀರು ಬಟ್ಟಿ ಹಾಕೀನಿ. ಒಂದು ಚೂರೂ ಇಳದಿಲ್ಲ."

"ನಿನ್ನ ಮೈ ಹ್ಯಾಂಗದ?"

"ನಂದು ನಿನ್ನೇನೇ ಇಳೀತ್ರಿ. ಇದಕ್ಕ ಗುಳಿಗಿ ಬರೀರಿ."

ಎರಡು ಬೋರ್ಡು

ಸೇಡಂ ಡಾಕ್ಟರರು ಬಂದ ಹೊಸದರಲ್ಲೇ ಗೋಡೆಗೆ ಬೋರ್ಡು ಹಾಕಿದರು: "ಮಿರ್ಚಿ ಭಜಿ ಹೊಟ್ಟೆಯ ಶತ್ರು." ನಾನು ಸಾಲೆ ಮುಖ ನೋಡಿದವಳಲ್ಲ, ಭಜಿ ಕಟ್ಟುವ ಪೇಪರಿನಿಂದಲೇ ಅಕ್ಷರ ಕಲಿತವಳು. ಆದರೆ ಕಲಿತದ್ದು ಗಟ್ಟಿ. ಮಿರ್ಚಿ ಕರಿದೇ ಸ್ವಂತ ಮನೆ ಕಟ್ಟಿಸಿದ ನಾನು ಅದನ್ನು ಓದಿ ಸುಮ್ಮನಿರುತ್ತೇನೆಯೇ? ಸುಣ್ಣ ಕಲಸಿ ನನ್ನ ಬಾಗಿಲ ಮೇಲೆ ಬರೆದೆ: "ಇಲ್ಲಿ ತಿಂದವರು ನಾಳೆಯೂ ಬರುತ್ತಾರೆ. ಎದುರಿಗೆ ಹೋದವರ ಗ್ಯಾರಂಟಿ ಇಲ್ಲ."

ಸಂಜೆ ಡಾಕ್ಟರರೇ ಬಂದರು. ಕತ್ತೆತ್ತಿ ನಿಧಾನಕ್ಕೆ ಓದಿದರು.

"ಯಾರು ಬರ್ದಿದ್ದು?"

"ನಾನೇ. ಏನೀಗ?"

"ಏನಿಲ್ರಿ ಅಕ್ಕವ್ರ. ಶತ್ರುನ ಮುಖಾನ ನಾ ಇನ್ನೂ ನೋಡಿಲ್ಲ. ಒಂದು ಪ್ಲೇಟ್ ಕೊಡ್ರಿ, ಪರೀಕ್ಷಾ ಮಾಡ್ತೀನಿ."

ಒಲೆ ಮಾತಾಡಿತು

ಆ ಪರೀಕ್ಷೆ ಅವರು ಸಾಯುವವರೆಗೂ ನಡೆಯಿತು. ದಿನಾ ಸಂಜೆ ಹಿತ್ತಲ ಬಾಗಿಲಿಂದ ಬಂದು, ಒಲೆಯ ಹಿಂದಿನ ಗೋಡೆ ಮರೆಯಲ್ಲಿ ಕೂತು ತಿನ್ನುವರು.

"ರಿಪೋರ್ಟ್ ಏನ್ ಬಂತ್ರಿ?" ಅಂತ ನಾನು.

"ಇನ್ನೂ ಬಂದಿಲ್ರಿ ಅಕ್ಕವ್ರ. ಮತ್ತೆರಡು ಹಾಕ್ರಿ."

ಅವರದು ಒಂದೇ ಕರಾರು: "ನಮ್ಮಾಕಿ ಮುಂದ ಬಾಯಿ ಬಿಡಬ್ಯಾಡ್ರಿ. ಮನ್ಯಾಗ ನಾ ಉಪ್ಪಿಲ್ಲದ ಬ್ಯಾಳಿ ಉಣ್ಣೋ ಮನಷ್ಯಾ." ಒಲೆ ಮುಟ್ಟಿ ಪ್ರಮಾಣ ಮಾಡಿದೆ. ನನ್ನ ಮಾತು ಅಂದರೆ ಶಹಾಬಾದಿನ ಹಾಸುಗಲ್ಲು.

ಒಂದು ಸಂಜೆ ಅವರ ಹೊಟ್ಟೆಹುಣ್ಣಿನ ರೋಗಿಯೇ ಮುಂದಿನ ಬಾಗಿಲಿಂದ ಬಂದು ಮಿರ್ಚಿ ಕೇಳಿದ. ಒಲೆಯ ಹಿಂದಿನಿಂದ ಗುಡುಗಿನಂಥ ದನಿ: "ಅಂವಗ ಕೊಡಬ್ಯಾಡ್ರಿ!" ರೋಗಿ ಸುತ್ತ ನೋಡಿದ, ಯಾರೂ ಇಲ್ಲ. ಅವನು ಇವತ್ತಿಗೂ ಒಳಗೆ ಬಂದರೆ ಮೊದಲು ನನ್ನ ಒಲೆಗೆ ಕೈಮುಗಿಯುತ್ತಾನೆ.

ಕಾಗೆ ಕೂತಿತ್ತು

ಹೋದ ವರ್ಷ ಡಾಕ್ಟರರು ತೀರಿಕೊಂಡರು. ಹತ್ತನೇ ದಿನದ ಕ್ರಿಯೆ ಅವರ ಹುಟ್ಟೂರು ಮಳಖೇಡದಲ್ಲಿ, ಕಾಗಿಣಾ ಹೊಳೆಯ ದಂಡೆಯ ಮೇಲೆ. ಮನೆಯವರು ಎಡೆ ಇಟ್ಟರು: ಮೆತ್ತನೆ ಅನ್ನ, ಉಪ್ಪಿಲ್ಲದ ಬೇಳೆ. ಕಾಗೆ ಮುಟ್ಟಿದರೆ ಹೋದ ಜೀವಕ್ಕೆ ಆಸೆ ಉಳಿದಿಲ್ಲ ಅಂತ ಲೆಕ್ಕ. ಜಾಲಿ ಗಿಡದ ಮೇಲಿದ್ದ ಕಾಗೆ ಎಡೆಯನ್ನು ನೋಡಿತು, ಮುಖ ತಿರುಗಿಸಿತು.

ಬಿಸಿಲು ಏರಿತು. "ಅಣ್ಣಾ, ದವಾಖಾನಿ ಬಾಗಿಲು ಮುಚ್ಚಂಗಿಲ್ಲ, ಮುಟ್ಟೋ" ಅಂತ ಅವರ ತಮ್ಮ ಬೇಡಿಕೊಂಡ. ಕಾಗೆ ಕದಲಲಿಲ್ಲ. ಆಗ ಬಂದಿದ್ದ ರೋಗಿಗಳು ಶುರುಮಾಡಿದರು.

"ಸಾಹೇಬ್ರ, ಇವತ್ತಿನಿಂದ ಬೀಡಿ ಬಿಟ್ಟೆ!"

"ನಾ ಸಕ್ರಿ ಬಿಟ್ಟೆ!"

ಹೊಟ್ಟೆಹುಣ್ಣಿನವನು ಮುಂದೆ ಬಂದು, "ನಾ ಮಿರ್ಚಿ ಬಿಟ್ಟೆ!" ಅಂದ. ಕಾಗೆ ಇನ್ನೂ ಮೇಲಿನ ಟೊಂಗೆಗೆ ಹಾರಿತು.

ಡಾಕ್ಟರರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆಗೇ ನೋಡುತ್ತಿದ್ದರು. ನನ್ನ ಚೀಲದಲ್ಲಿ ಡಬ್ಬಿ ಇತ್ತು. ಬೆಳಿಗ್ಗೆ ಮನಸ್ಸು ತಡೆಯದೆ ಕರಿದು ತಂದಿದ್ದೆ. ತೆಗೆದರೆ ಪ್ರಮಾಣ ಹೋಗುತ್ತದೆ. ತೆಗೆಯದಿದ್ದರೆ ಆ ಜೀವ ಹೊಳೆದಂಡೆಯಲ್ಲೇ ಹಸಿದು ನಿಲ್ಲುತ್ತದೆ. ಕೂತು ಯೋಚನೆ ಮಾಡಿದೆ. ಬಾಯಿ ಬಿಡುವುದಿಲ್ಲ ಅಂತ ಪ್ರಮಾಣ ಮಾಡಿದ್ದೆ, ಡಬ್ಬಿ ಬಿಚ್ಚುವುದಿಲ್ಲ ಅಂತಲ್ಲ. ಎದ್ದು ಹೋಗಿ ಎರಡು ಮಿರ್ಚಿ ಎಡೆಯ ಮೇಲಿಟ್ಟೆ. ನನ್ನ ಜಾಗಕ್ಕೆ ತಿರುಗಿ ಬರುವಷ್ಟರಲ್ಲಿ ಒಂದು ಮಿರ್ಚಿ ಕಾಗೆಯ ಕೊಕ್ಕಿನಲ್ಲಿತ್ತು.

ಡಾಕ್ಟರರ ಹೆಂಡತಿ ಎದ್ದು ನನ್ನ ಹತ್ತಿರ ಬಂದರು. ಬೈಸಿಕೊಳ್ಳಲು ತಯಾರಾದೆ.

"ಅಂತೂ ರಿಪೋರ್ಟ್ ಬಂತಲ್ರಿ ಅಕ್ಕಾ" ಅಂದರು.

ನನಗೆ ದಿಗಿಲಾಯಿತು. ಆ ಮಾತು ಒಲೆಯ ಹಿಂದೆ ನಮ್ಮಿಬ್ಬರ ನಡುವೆ ಮಾತ್ರ ಇದ್ದದ್ದು.

"ನಿಮಗ ಯಾರು ಹೇಳಿದ್ರು?"

"ಅವ್ರೇ. ದಿನಾ ಮನಿಗಿ ಬಂದು ಹೇಳ್ತಿದ್ರು. ನಿಮ್ಮ ಮುಂದ ಬಾಯಿ ಬಿಡಬಾರದು ಅಂತ ದೇವರ ದೀಪ ಮುಟ್ಟಿಸಿ ಪ್ರಮಾಣ ಮಾಡಿಸಿದ್ರು."